ಸುಳ್ಳಾಗಲೆಂದು ಬರೆದ ಭವಿಷ್ಯ

ಯಾವ ಕೋಣೆಗೆ ಕಾಲಿಟ್ಟರೂ ಎಡಭುಜವನ್ನು ಗೋಡೆಗೆ ತಾಗಿಸಿಕೊಂಡು, ಅಂಚಿನುದ್ದಕ್ಕೂ ಒಂದು ಸುತ್ತು ಸಾಗಿ, ಮೂಲೆಗಳಲ್ಲಿ ಕ್ಷಣಕಾಲ ತಡೆದು, ಆಮೇಲಷ್ಟೇ ಕುರ್ಚಿ ಎಳೆದುಕೊಳ್ಳುವುದು ಗೋಡೆಯಕ್ಕನ ಕ್ರಮವಾಗಿತ್ತು. ಹೊಸಬರು ಇದನ್ನು ಕಂಡು ದೃಷ್ಟಿದೋಷವೆಂದೋ ತಲೆಸುತ್ತೆಂದೋ ಭಾವಿಸಿ ಕೈಹಿಡಿಯಲು ಹೋಗಿ ಬೈಸಿಕೊಂಡದ್ದುಂಟು. ಅದು ವೃತ್ತಿ ಮೈಗಂಟಿಸಿದ ನಡಿಗೆ. ಯೌವನದ ಬಹುಭಾಗವನ್ನು ಅವಳು ವಿಡಿಯೋ ಗೇಮ್ ತಯಾರಿಸುವ ಕಂಪನಿಯೊಂದರಲ್ಲಿ ಟೆಸ್ಟರ್ ಆಗಿ ಕಳೆದಿದ್ದಳು. ಜನ ತಿಳಿದಂತೆ ಅದು ಕಾಲ ಮೇಲೆ ಕಾಲು ಹಾಕಿಕೊಂಡು ಆಟವಾಡುವ ಸುಖದ ಕೆಲಸವಲ್ಲ. ತೆರೆಯ ಮೇಲಿನ ವೀರನನ್ನು ಪ್ರತಿ ಗೋಡೆಗೆ, ಪ್ರತಿ ಬಂಡೆಗೆ ಢಿಕ್ಕಿ ಹೊಡೆಸುತ್ತ, ಎಲ್ಲಿ ಅವನು ಕಲ್ಲನ್ನೇ ತೂರಿಕೊಂಡು ಶೂನ್ಯಕ್ಕೆ ಬಿದ್ದುಹೋಗುತ್ತಾನೆಂದು ಪತ್ತೆ ಹಚ್ಚುವ, ಬೆರಳೂ ಬೆನ್ನೂ ಸವೆಯುವ ಕೆಲಸ.

ಅವಳ ಮೈಮೇಲೆ ಸದಾ ಒಂದು ಬೂದುಬಣ್ಣದ ಕೋಟಿರುತ್ತಿತ್ತು. ದೊಡ್ಡ ಆಟವೊಂದು ಮುಗಿದಾಗ ಕಂಪನಿ ಎಲ್ಲರಿಗೂ ಹಂಚಿದ್ದದು. ಎದೆಯ ಮೇಲೆ ಆಟದ ಹೆಸರನ್ನು ಕೆಂಪು ನೂಲಿನಲ್ಲಿ ಕಸೂತಿ ಮಾಡಿದ್ದರು. ಆಟದ ಕೊನೆಯಲ್ಲಿ ತೆರೆಯ ಮೇಲೆ ಸಾಲುಸಾಲಾಗಿ ಮೂಡಿದ ಹೆಸರುಗಳಲ್ಲಿ ಒಡೆಯನ ನಾಯಿಯ ಹೆಸರೂ ಇತ್ತು, ಟೆಸ್ಟರುಗಳದ್ದು ಒಂದೂ ಇರಲಿಲ್ಲ. ಅಂದೇ ಮಧ್ಯಾಹ್ನ ಊಟಕ್ಕೆಂದು ಎಲ್ಲರೂ ಎದ್ದಾಗ ಅವಳು ಕೂತಲ್ಲೇ ಕೂತು ಸೂಜಿಯಿಂದ ಆ ಕೆಂಪು ಅಕ್ಷರಗಳನ್ನೆಲ್ಲ ಬಿಚ್ಚಿಹಾಕಿದಳು. "ಕೋಟನ್ನೇ ಬಿಸಾಕಬಹುದಿತ್ತಲ್ಲ" ಎಂದವರಿಗೆ ಅವಳ ಉತ್ತರ ಸಿದ್ಧವಿತ್ತು: "ಚಳಿಗೆ ಕೋಟು ಬೇಕು. ಅವರ ಹೆಸರು ಯಾಕೆ ಬೇಕು?"

ಆ ಕೆಲಸ ಬಿಟ್ಟ ಮೇಲೆ ಅವಳು ಗೇಮ್‌ಗಳ ಕುರಿತಾದ ಒಂದು ಪತ್ರಿಕೆ ಸೇರಿದಳು. ಅಲ್ಲಿನವರು ಬೇಗನೆ ಕಲಿತ ಪಾಠವೊಂದಿತ್ತು. "ನೋಡಿ, ನಂಗೇನೂ ಕೋಪ ಇಲ್ಲ" ಎಂದು ಅವಳು ಮಾತು ಆರಂಭಿಸಿದರೆ ಪಕ್ಕದವರು ಮೊದಲು ತಮ್ಮ ಚಹಾದ ಲೋಟ ಸರಿಸಿಕೊಳ್ಳುತ್ತಿದ್ದರು; ಮುಂದಿನ ಕ್ಷಣದಲ್ಲಿ ಅವಳ ಅಂಗೈ ಮೇಜಿನ ಮೇಲೆ ಅಪ್ಪಳಿಸುವುದು ಖಚಿತ. ಈ ರೋಷವನ್ನು ನಗೆಯ ಸಕ್ಕರೆಯಲ್ಲಿ ಅದ್ದಿ ಅವಳು ವರ್ಷಾಂತ್ಯಕ್ಕೊಮ್ಮೆ ಬರೆಯುತ್ತಿದ್ದ ಅಂಕಣವೇ "ಬರುವ ವರ್ಷದ ಆಟ". ಮುಂದಿನ ವರ್ಷ ವಿಡಿಯೋ ಗೇಮ್‌ಗಳ ಲೋಕದಲ್ಲಿ ಏನೇನು ನಡೆಯಲಿದೆ ಎಂಬ ತಮಾಷೆಯ ಭವಿಷ್ಯ. ಆಟದೊಳಗಿನ ಕುದುರೆಗೆ ಸುಸ್ತಾಗುತ್ತದೆ, ಅದು ನಿದ್ದೆ ಮುಗಿಸುವ ತನಕ ನೀವು ಸಾಬೂನಿನ ಜಾಹೀರಾತು ನೋಡುತ್ತ ಕೂರಬೇಕಾಗುತ್ತದೆ ಎಂದು ಒಮ್ಮೆ ಬರೆದಳು. ಓದುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ವರ್ಷ ಅರ್ಧ ಕಳೆಯುವಷ್ಟರಲ್ಲಿ ಅವಳ ಹಳೆಯ ಕಂಪನಿ ಹೊಸ ಆಟವೊಂದನ್ನು ಹೊರತಂದಿತು. ಅದರಲ್ಲಿ ಕುದುರೆ ಮಲಗಿತ್ತು, ಸಾಬೂನು ನೊರೆಗರೆಯುತ್ತಿತ್ತು.

ಆ ಸಲ ಅವಳು ಕಾಕತಾಳೀಯವೆಂದುಕೊಂಡು ಮೇಜು ಗುದ್ದಿ ಸುಮ್ಮನಾದಳು. ಮುಂದಿನ ಅಂಕಣದಲ್ಲಿ ಇನ್ನಷ್ಟು ಖಾರ ಬೆರೆಸಿ, ಇದನ್ನಂತೂ ಯಾರೂ ಮಾಡಲಾರರೆಂಬ ಧೈರ್ಯದಲ್ಲಿ ಬರೆದದ್ದು ಹೀಗೆ: "ಬರುವ ವರ್ಷ ಕಂಪನಿಗಳು ಅರೆಬೆಂದ ಆಟವನ್ನೇ ಮಾರುತ್ತವೆ. ದುಡ್ಡು ಕೊಟ್ಟು ಕೊಂಡ ನೀವೇ ಅದರ ತಪ್ಪು ಹುಡುಕಿಕೊಡುತ್ತೀರಿ, ಮೇಲಾಗಿ ಅದನ್ನು ಗೌರವವೆಂದು ಭಾವಿಸುತ್ತೀರಿ."

ಆ ವರ್ಷ ಕಂಪನಿಯ ಹೊಸ ಆಟದ ಬಿಡುಗಡೆಗೆ ಪತ್ರಿಕೆಯ ಪರವಾಗಿ ಅವಳೇ ಹೋಗಬೇಕಾಯಿತು. ವೇದಿಕೆಯ ಮೇಲೆ ಮ್ಯಾನೇಜರು ತೋಳು ಚಾಚಿ ಘೋಷಿಸಿದ: "ಇನ್ಮೇಲೆ ನಮ್ಮ ಆಟಗಾರರೇ ನಮ್ಮ ಟೆಸ್ಟರುಗಳು!" ಸಭೆ ಚಪ್ಪಾಳೆ ತಟ್ಟಿತು. ಅವನ ಕಣ್ಣು ಗೋಡೆಗೆ ಒರಗಿ ನಿಂತಿದ್ದ ಬೂದುಕೋಟಿನ ಮೇಲೆ ಬಿತ್ತು. "ಇದರ ಮೂಲ ಐಡಿಯಾ ಯಾರದ್ದು ಗೊತ್ತಾ? ಅಗೋ, ಅಲ್ಲಿದ್ದಾರೆ. ಮೇಡಂ, ನಿಮಗೆ ನಾವು ಋಣಿ."

"ನೋಡಿ, ನಂಗೇನೂ ಕೋಪ ಇಲ್ಲ" ಎಂದಳು ಗೋಡೆಯಕ್ಕ. ಅಪ್ಪಳಿಸಲು ಹತ್ತಿರದಲ್ಲಿ ಮೇಜಿರಲಿಲ್ಲ. "ಅದು ಐಡಿಯಾ ಅಲ್ಲ ಕಣ್ರೀ, ಬೈಗುಳ. ನಿಮ್ಮನ್ನೇ ಬೈದಿದ್ದು. ಬೈದಿದ್ದೂ ತಿಳಿಯದಷ್ಟು ದಪ್ಪ ಆಯ್ತಾ ನಿಮ್ಮ ಚರ್ಮ?"

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮ್ಯಾನೇಜರನೇ. "ಎಂಥ ಹಾಸ್ಯಪ್ರಜ್ಞೆ ನೋಡಿ!" ಎಂದು ಅವನೇ ಮತ್ತೊಂದು ಸುತ್ತು ಚಪ್ಪಾಳೆ ಹೊಡೆಸಿದ.

ಮನೆಗೆ ಬಂದರೆ ತಂಗಿ ಅವೇಳೆಯಲ್ಲಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು. ಅಕ್ಕನ ದಾರಿಯಲ್ಲೇ ಅದೇ ಕಂಪನಿಗೆ ಟೆಸ್ಟರ್ ಆಗಿ ಸೇರಿ, ಅಕ್ಕ ಬಿಟ್ಟ ಮೇಲೂ ಅಲ್ಲೇ ಉಳಿದವಳು. ಮುಂದೆ ಒಂದು ರಟ್ಟಿನ ಡಬ್ಬ. ಅದರಲ್ಲಿ ಅವಳ ಹೆಡ್‌ಫೋನು, ನೀರಿನ ಬಾಟಲಿ, ಬೆನ್ನಿಗಿಟ್ಟುಕೊಳ್ಳುವ ದಿಂಬು.

"ನಮ್ಮ ವಿಭಾಗನೇ ಮುಚ್ಚಿಬಿಟ್ರು ಅಕ್ಕಾ" ಎಂದಳು ತಂಗಿ. "ನಿನ್ನ ಅಂಕಣ ನಿಜ ಆಯ್ತಲ್ಲ ಅಂತ ಎಲ್ಲರೂ ನಗ್ತಾ ಇದ್ರು. ಏನು ಮಾಡೋದು ಅಂತ ತಿಳೀದೆ ನಾನೂ ನಕ್ಕೆ."

ಗೋಡೆಯಕ್ಕ ಆ ದಿಂಬನ್ನು ಕೈಗೆತ್ತಿಕೊಂಡಳು. ನಡುವೆ ತಂಗಿಯ ಬೆನ್ನಿನ ಆಕಾರಕ್ಕೆ ತಗ್ಗು ಬಿದ್ದಿತ್ತು. ಅದನ್ನು ಅವಳು ಬಹಳ ಹೊತ್ತು ಕೆಳಗಿಡಲಿಲ್ಲ.

ಮರುದಿನ ಅವಳು ಸಂಪಾದಕರ ಕೋಣೆಗೆ ನುಗ್ಗಿದ ಪರಿ ಕಚೇರಿಯವರಿಗೆ ಚೆನ್ನಾಗಿ ನೆನಪಿದೆ. ಅಂದು ಅವಳು ಗೋಡೆಯ ಹಂಗಿಲ್ಲದೆ ಕೋಣೆಯ ನಟ್ಟನಡುವೆ ನಡೆದುಹೋಗಿ, "ನಂಗೆ ಕೋಪ ಬಂದಿದೆ" ಎಂದಳು. ದನಿ ಎತ್ತರಿಸಲಿಲ್ಲ. ಕೂತವರು ಲೋಟ ಸರಿಸಲೂ ಮರೆತರು. ಕಂಪನಿ ಮಾಡಿದ್ದನ್ನು ಹಾಸ್ಯದ ಹೊದಿಕೆಯಿಲ್ಲದೆ, ನೇರವಾಗಿ ಬರೆಯಬೇಕೆಂದು ಕೇಳಿದಳು. ಸಂಪಾದಕರು ಕೆಟ್ಟವರಲ್ಲ, ಆದರೆ ಪತ್ರಿಕೆಯ ಹಿಂಬದಿಯ ಪುಟದ ತುಂಬ ಆ ಕಂಪನಿಯ ಜಾಹೀರಾತೇ ಇರುತ್ತಿತ್ತು. "ವರ್ಷದ ಕೊನೆ ಬಂತು ಮೇಡಂ, ಜನ ನಗೋಕೆ ಕಾಯ್ತಿರ್ತಾರೆ" ಎಂದರು ಕಿಟಕಿಯತ್ತ ನೋಡುತ್ತ. "ಯಾರಿಗೂ ನೋವಾಗದ ಹಾಗೆ, ಒಳ್ಳೇದೇನಾದ್ರೂ ಬರೀರಿ."

"ಒಳ್ಳೇದೇ ತಾನೆ? ಬರೀತೀನಿ."

ಬರೆದಳು. ಇನ್ನು ತನ್ನ ಕೆಟ್ಟ ಕಲ್ಪನೆ ಯಾವ ಮ್ಯಾನೇಜರನ ಕೈಗೂ ಸಿಕ್ಕಬಾರದೆಂಬ ಹಟದಲ್ಲಿ, ಒಂದೇ ಒಂದು ಕುಚೋದ್ಯದ ಪದವಿಲ್ಲದಂತೆ, ತಾನು ನಿಜವಾಗಿ ಬಯಸಿದ್ದನ್ನಷ್ಟೇ ಬರೆದಳು. ಬರುವ ವರ್ಷ ಒಂದು ಆಟ ಪೂರ್ತಿ ಸಿದ್ಧವಾದ ಮೇಲೆ ಅಂಗಡಿಗೆ ಬರುತ್ತದೆ. ಕೊಂಡವರ ಬಳಿ ಅದು ಉಳಿಯುತ್ತದೆ; ಕಂಪನಿಗೆ ಬೇಡವಾದ ದಿನ ಮಾಯವಾಗುವುದಿಲ್ಲ. ಸೋತ ಮಗುವಿಗೆ ಅದು "ಇನ್ನೊಂದು ಸಲ ಆಡು" ಎನ್ನುತ್ತದೆಯೇ ಹೊರತು "ಅಪ್ಪನ ಕಾರ್ಡು ತಾ" ಎನ್ನುವುದಿಲ್ಲ. ಕುದುರೆಗೆ ದಣಿವಾದರೆ ಹುಲ್ಲು ಮೇಯುತ್ತದೆ. ಆಟ ಕಟ್ಟಿದವರು ಸಂಜೆ ಮನೆಗೆ ಹೋಗುತ್ತಾರೆ, ಆಟ ಗೆದ್ದ ಮೇಲೂ ಅವರ ಕೆಲಸ ಉಳಿದಿರುತ್ತದೆ.

ಪತ್ರಿಕೆಯ ಇತಿಹಾಸದಲ್ಲೇ ಅಷ್ಟು ಜನರನ್ನು ನಗಿಸಿದ ಬರಹ ಇನ್ನೊಂದಿಲ್ಲ. ಓದುಗರು ಕಚೇರಿಗೆ ಫೋನು ಮಾಡಿ ನಕ್ಕರು. ಸಂಪಾದಕರು ಕಣ್ಣೊರೆಸಿಕೊಳ್ಳುತ್ತ ಅವಳ ಮೇಜಿನ ಬಳಿಗೆ ಬಂದರು: "ಪೂರ್ತಿ ಸಿದ್ಧವಾದ ಮೇಲೆ! ಅಲ್ಲ ಮೇಡಂ, ಇಂಥದ್ದೆಲ್ಲ ಹೇಗೆ ಹೊಳೆಯುತ್ತೆ ನಿಮಗೆ?" ಗೋಡೆಯಕ್ಕ ಅವರ ಮುಖವನ್ನು ನೋಡಿದಳು; ಅದರಲ್ಲಿ ಕಪಟವೇನೂ ಇರಲಿಲ್ಲ, ಮನಃಪೂರ್ವಕವಾದ ಮೆಚ್ಚುಗೆಯಿತ್ತು. ತನ್ನ ಪೆನ್ನುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಕೆಲಸ ಬಿಟ್ಟು ನಡೆದಳು. ಮನೆಯಲ್ಲಿ ತಂಗಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಪತ್ರಿಕೆ ಮಡಿಸಿ, "ಇದನ್ನ ಓದಿ ಯಾಕಕ್ಕಾ ನಗ್ತಾರೆ?" ಎಂದು ಕೇಳಿದಳು. ಗೋಡೆಯಕ್ಕನಿಗೆ ತಿಳಿದಂತೆ ಅದನ್ನು ಓದಿ ನಗದವಳು ತಂಗಿಯೊಬ್ಬಳೇ.

ಕಂಪನಿಗೇನೂ ಆಗಲಿಲ್ಲ. ಅರೆಬೆಂದ ಆಟವನ್ನು ಜನ ಮುಗಿಬಿದ್ದು ಕೊಂಡರು, ತಪ್ಪು ಹುಡುಕಿಕೊಟ್ಟರು, ಗೌರವವೆಂದೂ ಭಾವಿಸಿದರು. ಅಂಕಣ ಈಗ ಬೇರೊಬ್ಬರ ಪಾಲಾಗಿದೆ. ಅವರ ಭವಿಷ್ಯಗಳು ಬಲು ಇಂಪಾಗಿರುತ್ತವಂತೆ. ತಂಗಿಯೂ ಕೆಲಸ ಕಳೆದುಕೊಂಡ ಅವಳ ಒಂದಿಬ್ಬರು ಗೆಳತಿಯರೂ ದರ್ಜಿಯಂಗಡಿಯ ಮೇಲಿನ ಕೋಣೆಯೊಂದನ್ನು ಹಿಡಿದು ಪುಟ್ಟದೊಂದು ಆಟ ಕಟ್ಟುತ್ತಿದ್ದಾರೆ, ಗೋಡೆಯಕ್ಕ ಅದರ ತಪ್ಪು ಹುಡುಕುತ್ತಿದ್ದಾಳೆ. ಅದು ಯಾವಾಗ ಬರುತ್ತದೆಂದು ಕೇಳಿದವರನ್ನು ಅವಳು ಮೆಟ್ಟಿಲಿಳಿಸಿ ಕಳಿಸುತ್ತಾಳೆ.

ಇಂಥವರನ್ನು ನಾವು ಸಿಡುಕರೆಂದು ದೂರವಿಡುತ್ತೇವೆ, ನಗಿಸಿದಾಗ ಮಾತ್ರ ಹತ್ತಿರ ಕರೆಯುತ್ತೇವೆ. ಅವರ ಸಿಟ್ಟಿನ ಬೇರಿನಲ್ಲಿ ಇರುವುದು ಒಂದು ಮುಗ್ಧ ವಿಶ್ವಾಸ: ಲೋಕದಲ್ಲಿ ನಾಚಿಕೆಯೆಂಬುದು ಇನ್ನೂ ಉಳಿದಿದೆ, ಅನ್ಯಾಯವನ್ನು ಹಿಗ್ಗಿಸಿ ತೋರಿಸಿದರೆ ಮಾಡಿದವರು ತಲೆ ತಗ್ಗಿಸುತ್ತಾರೆ ಎಂಬ ವಿಶ್ವಾಸ. ಅದಿಲ್ಲದವರು ವ್ಯಂಗ್ಯ ಬರೆಯುವ ಶ್ರಮಕ್ಕೇ ಹೋಗುವುದಿಲ್ಲ. ತಮ್ಮ ಮಾತು ಸುಳ್ಳಾಗಲೆಂದು ಹಾರೈಸುತ್ತಲೇ ಭವಿಷ್ಯ ನುಡಿಯುವ ಈ ವಿಚಿತ್ರ ಜನಕ್ಕೆ ನಮ್ಮ ಕಾಲ ಜಾಗ ಕೊಟ್ಟಿಲ್ಲವೆನ್ನುವಂತಿಲ್ಲ. ಪುಟ ಕೊಟ್ಟಿದೆ, ವೇದಿಕೆ ಕೊಟ್ಟಿದೆ, ಹೊಟ್ಟೆ ತುಂಬ ಹೊಗಳಿದೆ. ನಾಚುವ ಒಬ್ಬನೇ ಒಬ್ಬ ಕೇಳುಗನನ್ನು ಮಾತ್ರ ಕೊಟ್ಟಿಲ್ಲ.