ಪೆನ್‌ಡ್ರೈವಿನಲ್ಲಿ ಉಳಿದ ಜಾಗ

ಅಕ್ಕ ತೀರಿಕೊಂಡ ಮೇಲೆ ಅವಳ ಫೋಟೊಗಳು, ಅವಳು ಕಳಿಸಿದ್ದ ಧ್ವನಿ ಸಂದೇಶಗಳು ನನ್ನ ಹಳೆಯ ಫೋನಿನಲ್ಲೇ ಉಳಿದಿದ್ದವು. ಆ ಫೋನು ಈಚೆಗೆ ತಾನಾಗಿಯೇ ಆರಿಹೋಗುತ್ತಿತ್ತು. ಒಂದೂ ಕಳೆದುಹೋಗಬಾರದೆಂದು ಮೂವತ್ತೆರಡು ಜಿಬಿಯ ಪೆನ್‌ಡ್ರೈವ್ ಕೊಂಡು, ಅಂಗಡಿಯವನಿಗೇ ತುಂಬಿಕೊಡಲು ಹೇಳಿ, ಪಕ್ಕದ ಸ್ಟೂಲಿನಲ್ಲಿ ಕೂತೆ. ಪರದೆಯ ಮೇಲೆ ಅದರ ಜಾಗ ಇಪ್ಪತ್ತೊಂಬತ್ತು ಚಿಲ್ಲರೆ ಜಿಬಿ ಎಂದು ಬಂತು.

“ಉಳಿದದ್ದೆಲ್ಲಿ?” ಎಂದೆ.

“ನಾನೇನೂ ತಿಂದಿಲ್ಲ ಮೇಡಂ,” ಎಂದು ಅವನು ನಕ್ಕ. “ತಯಾರು ಮಾಡೋರು ಸಾವಿರದ ಲೆಕ್ಕ ಹಿಡೀತಾರೆ, ಕಂಪ್ಯೂಟರ್ ಸಾವಿರದ ಇಪ್ಪತ್ನಾಲ್ಕರ ಲೆಕ್ಕ ಹಿಡಿಯುತ್ತೆ. ಜಾಗ ಅಷ್ಟೇ ಇದೆ, ಎಣಿಸೋ ರೀತಿ ಬೇರೆ.”

“ಅವಳದ್ದೆಲ್ಲ ಹಿಡಿಸುತ್ತಾ? ತುಂಬಾ ಮಾತಾಡ್ತಿದ್ಲು.”

ಪರದೆಯ ಹಸಿರು ಪಟ್ಟಿ ಮುಂದೆ ಸರಿಯುವುದನ್ನೇ ಉಗುರು ಕಚ್ಚುತ್ತಾ ನೋಡಿದೆ. ಅದು ಬೇಗ ತುಂಬಿತು.

“ಆಯ್ತು ನೋಡಿ, ಎರಡು ಜಿಬಿನೂ ಆಗಿಲ್ಲ. ಇನ್ನೂ ಬೇಕಾದಷ್ಟು ತುಂಬ್ಕೋಬಹುದು.”

ತುಂಬಲು ಇನ್ನೇನೂ ಇರಲಿಲ್ಲ. ಅಕ್ಕನ ಹೆಸರಿನ ಒಂದೇ ಫೋಲ್ಡರ್ ಮೂಲೆಯಲ್ಲಿತ್ತು. ಉಳಿದ ಪರದೆಯೆಲ್ಲ ಬಿಳಿ.

“ಅದನ್ನೇ ಇನ್ನೊಂದು ಸಲ ಹಾಕಿ.”

“ಒಂದರಲ್ಲೇ ಎರಡು ಸಲ ಯಾಕೆ? ಕೆಟ್ರೆ ಎರಡೂ ಹೋಗುತ್ತೆ.”

“ಗೊತ್ತು. ಒಂದಕ್ಕೊಂದು ಜೊತೆಗಿರಲಿ, ಹಾಕಿ.”

ಅವನು ನನ್ನ ಮುಖ ನೋಡಿದ. ಆಮೇಲೆ ಇನ್ನೊಮ್ಮೆ ಹಾಕಿದ.