ಕೆಳಮನೆಯ ತಾಳ

ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು.

“ತಲೆ ಕಡೆ ಎತ್ತಿ. ಇನ್ನೂ ಎತ್ರಪ್ಪ. ಗೋಡೆಗೆ ತಾಗಿಸ್ಬೇಡಿ, ಬೀರು ಸಾಗಿಸ್ತಿದೀರಾ?” ಎಂದು ಕೆಳಗಿನ ಮೆಟ್ಟಿಲಿನಿಂದ ಜೊತೆಗಾರ ರೇಗಿದ. ಸತ್ತವನ ಪಕ್ಕದ ಓವನ್ನಿನಲ್ಲೇ ಬ್ರೆಡ್ ಫ್ಯಾಕ್ಟರಿಯ ರಾತ್ರಿ ಪಾಳಿ ಮಾಡುತ್ತಿದ್ದವನು. ಪಾಳಿ ಮುಗಿದದ್ದೇ ನೆಟ್ಟಗೆ ಶವಾಗಾರಕ್ಕೆ ಹೋಗಿದ್ದ. ಅವನ ಮುಂಗೈ ಕೂದಲಿನಲ್ಲಿ ಇನ್ನೂ ಹಿಟ್ಟು ಇತ್ತು.

ಮೊದಲ ಮಹಡಿಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ಸ್ಟ್ರೆಚರನ್ನು ನೋಡುತ್ತಿರಲಿಲ್ಲ. ಎರಡನೇ ಮಹಡಿಗೆ ಹೋಗುವ ಮೆಟ್ಟಿಲುಗಳ ಮೇಲೆ ಆಗಲೇ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡುತ್ತಿದ್ದಳು.

“ಇವತ್ತು ಮಂಗಳವಾರ ಅಲ್ವೇನೇ?” ಎಂದು ಮಗಳನ್ನು ಕೇಳಿದಳು.

“ಹೌದಮ್ಮ.”

“ಮತ್ತೆ ಮೇಲೆ ಯಾಕೆ ಜನ?”

“ಅಪ್ಪನಿಗೋಸ್ಕರವೇ ಅಂತೆ,” ಎಂದಳು ಮಗಳು.

ಹೆಣವನ್ನು ಮುಂದಿನ ಕೋಣೆಯಲ್ಲಿ ಇಳಿಸಿದರು. ಮೇಜು, ಕುರ್ಚಿ, ಹೊಲಿಗೆ ಮೆಷಿನ್ ಎಲ್ಲವನ್ನೂ ಅಡುಗೆಮನೆಗೆ ತುರುಕಿ ಜಾಗ ಮಾಡಿದ್ದರು. ಎದುರುಮನೆಯಾಕೆ ಬಗ್ಗಿ ಮುಖ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು, “ನೋಡಿ, ಮಲಗಿದ ಹಾಗೇ ಇದಾರೆ,” ಎಂದಳು.

“ಮಲಗಿದ್ರೆ ಹೀಗಿರ್ತಿರ್ಲಿಲ್ಲ. ಮಲಗಿದ್ರೆ ಹುಬ್ಬು ಗಂಟು ಹಾಕ್ಕೊಂಡಿರ್ತಿದ್ರು,” ಎಂದಳು ಹೆಂಡತಿ. “ಸತ್ತಿದಾರೆ ಕಣ್ರೀ. ಸತ್ತಿದಾರೆ ಅನ್ನಿ.”

ಎದುರುಮನೆಯಾಕೆ ಹಿಂದಕ್ಕೆ ಸರಿದಳು.

ಸೋಮವಾರ ಬೆಳಗ್ಗೆ ಪಾಳಿಯಿಂದ ಮನೆಗೆ ಬರುವಾಗ ಅವನ ಸ್ಕೂಟರ್ ಲಾರಿಗೆ ಗುದ್ದಿತ್ತು. ಲಾರಿ ರಸ್ತೆಯ ಪಕ್ಕಕ್ಕೆ ನಿಂತಿತ್ತು. ಅದೊಂದನ್ನೇ ಜೊತೆಗಾರ ಬಂದವರಿಗೆಲ್ಲ ಹೇಳುತ್ತಿದ್ದ. “ನಿಂತಿದ್ದ ಲಾರಿ ಸಾರ್. ಹಗಲಾಗಿತ್ತು. ಅಷ್ಟು ಅಗಲದ ರಸ್ತೆ. ಬ್ರೇಕ್ ಹಾಕಿದ ಗುರುತೇ ಇಲ್ಲ. ನಮ್ಮ ಗೂಬೆ ಕಣ್ಣೇ ಬಿಟ್ಟಿರಲಿಲ್ಲ.”

ಫ್ಯಾಕ್ಟರಿಯಲ್ಲಿ ಅವನನ್ನು ಎಲ್ಲರೂ ಗೂಬೆ ಎಂದೇ ಕರೆಯುತ್ತಿದ್ದರು. ಹಗಲು ಪಾಳಿ ಕೊಡಿ ಎಂದು ಮ್ಯಾನೇಜರನನ್ನು ಕೇಳಲು ಹೋದಾಗಲೆಲ್ಲ, “ಗೂಬೆಗೆ ಹಗಲಲ್ಲಿ ಏನ್ ಕೆಲಸವಯ್ಯಾ?” ಎಂದು ಆತ ನಗುತ್ತಿದ್ದ. ಹೋದವನೂ ನಕ್ಕು ಬರುತ್ತಿದ್ದ.

*

ಮೇಲಿನ ಮನೆಯವರು ಕಾಲೇಜಿನಿಂದ ನಿವೃತ್ತರಾದ ಮೇಷ್ಟ್ರು. ತಿಂಗಳಿಗೆರಡು ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ, ಅವರ ಹಾಲಿನಲ್ಲಿ ಹಾಡು. ಮೈಕಿಲ್ಲ, ವೇದಿಕೆಯಿಲ್ಲ, ಟಿಕೆಟ್ಟಿಲ್ಲ ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕೇಳುವವರು ನೆಲದ ಮೇಲೆ ಕೂರುತ್ತಿದ್ದರು. ಹಾಡುವವನೂ ಅವರ ನಡುವೆಯೇ ಗಿಟಾರ್ ಹಿಡಿದು ಕೂರುತ್ತಿದ್ದ. ಗಣಿ ಕೂಲಿಗಳ ಮೇಲೆ, ಪೌರಕಾರ್ಮಿಕರ ಮೇಲೆ, ಮನೆಗೆಲಸದ ಹೆಂಗಸರ ಮೇಲೆ ತಾನೇ ಹಾಡು ಕಟ್ಟಿ, ತಾನೇ ರಾಗ ಹಾಕುತ್ತಿದ್ದ. ಗಣಿಯ ಮುಷ್ಕರದಲ್ಲಿ ಹಾಡಿದ್ದಕ್ಕೆ ಜೈಲಿಗೂ ಹೋಗಿ ಬಂದಿದ್ದ. ಸುಳ್ಳು ಮನುಷ್ಯನಲ್ಲ.

ಪಲ್ಲವಿ ಬಂದಾಗ ಕೂತವರೆಲ್ಲ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದರು.

ಆ ನೆಲವೇ ಕೆಳಮನೆಯ ಸೂರು. ಅದರ ಕೆಳಗೆ, ಕಿಟಕಿಗೆ ರಟ್ಟು ಬಡಿದು ಕತ್ತಲು ಮಾಡಿಕೊಂಡ ಕೋಣೆಯಲ್ಲಿ, ಕಿವಿಗೆ ಹತ್ತಿ ತುರುಕಿಕೊಂಡು ಇವನು ರಾತ್ರಿ ಪಾಳಿಗೆ ಮುಂಚೆ ಮಲಗಲು ಒದ್ದಾಡುತ್ತಿದ್ದ. ಮೊದಲ ಸಲ ತಡೆಯಲಾರದೆ ಎದ್ದು, ನೆಲ ಒರೆಸುವ ಕೋಲಿನಿಂದ ಸೂರಿಗೆ ಬಡಿದ. ಧಡ್, ಧಡ್, ಧಡ್.

ಮೇಲೆ ಹಾಡು ಒಂದು ಕ್ಷಣ ನಿಂತಿತು. ಆಮೇಲೆ ಚಪ್ಪಾಳೆ ಕೇಳಿಸಿತು.

“ಏನಂತೆ?” ಎಂದಳು ಹೆಂಡತಿ ಬಾಗಿಲಿನಿಂದ.

“ಗೊತ್ತಿಲ್ಲ. ಖುಷಿಯಾದ ಹಾಗಿದೆ,” ಎಂದು ಅವನು ಕೋಲು ಹಿಡಿದುಕೊಂಡೇ ಮೇಲೆ ನೋಡಿದ.

ಮತ್ತೆ ಬಡಿದ. ಹಾಡು ಆ ಬಡಿತಕ್ಕೆ ಸರಿಯಾಗಿ ಶುರುವಾಯಿತು.

*

“ಅತ್ತಿಗೆ, ವ್ಯಾನಿನವನು ಅವಸರ ಮಾಡ್ತಿದಾನೆ,” ಎಂದು ಜೊತೆಗಾರ ಬಂದು ಹೇಳಿದ. “ಸ್ಮಶಾನದಲ್ಲಿ ನಮ್ಮ ಸರದಿ ತಪ್ಪಿದ್ರೆ ಸಾಯಂಕಾಲವಂತೆ. ಹೊರಡೋಣ್ವಾ?”

ಅಷ್ಟರಲ್ಲಿ ಮೇಷ್ಟ್ರು ಇಳಿದು ಬಂದರು. ಹೆಣದ ಮುಂದೆ ಕಣ್ಣು ಮುಚ್ಚಿ ನಿಂತರು. ಆಮೇಲೆ ಹೆಂಡತಿಯ ಹತ್ತಿರ ಬಗ್ಗಿ, ತಗ್ಗಿದ ದನಿಯಲ್ಲಿ ಹೇಳಿದರು. “ನಮ್ಮ ಹಾಡೋರು ಬಂದಿದಾರಮ್ಮ. ಸುದ್ದಿ ಕೇಳಿ ಬೇರೆ ಊರಿನ ಕಾರ್ಯಕ್ರಮ ಬಿಟ್ಟು ಬಂದ್ರು. ಒಂದೇ ಹಾಡು. ನಿಮ್ಮ ಯಜಮಾನ್ರ ಮೇಲೆ ಕಟ್ಟಿದ್ದು. ಅದನ್ನ ಹಾಡಿ ಕಳಿಸ್ಬೇಕು ಅಂತ.”

“ಬೇಡ ಮೇಷ್ಟ್ರೇ.”

“ನೀವು ದುಃಖದಲ್ಲಿದೀರಿ...”

“ದುಃಖ ಆಮೇಲೆ. ಈಗ ಸಿಟ್ಟಲ್ಲಿದೀನಿ. ಹಾಡು ಬೇಡ. ಸದ್ದಿಲ್ದೆ ಕರ್ಕೊಂಡು ಹೋಗ್ಬೇಕು ಇವರನ್ನ. ಅಷ್ಟೇ.”

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ತಾಯಿಗೆ ತಲೆ ಕೆಟ್ಟಿದೆ, ನೀನಾದರೂ ಹೇಳು ಎಂಬಂತೆ ಮಗಳ ಕಡೆ ನೋಡಿದರು.

“ನನ್ನ ಯಾಕೆ ನೋಡ್ತೀರ? ನಾನು ನಿಮ್ಮನೆಗೆ ಬಂದಿದ್ದೆ, ನೆನಪಿದೆಯಾ?” ಎಂದಳು ಮಗಳು. “ಅಪ್ಪನಿಗೆ ನಿದ್ದೆ ಬರ್ತಿಲ್ಲ, ಸ್ವಲ್ಪ ಮೆಲ್ಲಗೆ ಹಾಡಿ ಅಂದೆ. ನೀವು ನನ್ನ ತಲೆ ಸವರಿ, ‘ಮಗೂ, ಹೋರಾಟದ ಹಾಡು ಪಿಸುಗುಟ್ಟೋಕಾಗುತ್ತಾ?’ ಅಂದ್ರಿ. ಎಲ್ರೂ ನಕ್ರು. ನಾನೂ ಪೆದ್ದಿ ಥರ ನಕ್ಕೆ.”

*

ಮಗಳು ಹೋಗುವುದಕ್ಕೂ ಮುಂಚೆ ಒಂದು ಭಾನುವಾರ ಅವನೇ ಮೇಲೆ ಹೋಗಿದ್ದ. ಬನಿಯನ್ನಿನಲ್ಲಿದ್ದವನು ಸಿಟ್ಟಿನಲ್ಲಿ ಅಂಗಿ ಕೂಡ ಹಾಕಿಕೊಳ್ಳಲಿಲ್ಲ.

“ಕೈ ಮಾಡ್ಬೇಡಿ, ಬರೀ ಬಾಯಲ್ಲಿ ಹೇಳಿ,” ಎಂದು ಹೆಂಡತಿ ಹಿಂದಿನಿಂದ ಕೂಗಿದಳು.

ಮೇಲೆ ಬಾಗಿಲು ತೆರೆದ ಸದ್ದು. ಹಾಡು ನಿಂತಿತು. ಅವಳು ಮೆಟ್ಟಿಲ ಬುಡದಲ್ಲಿ ಕಿವಿಯಿಟ್ಟು ನಿಂತಳು. ಬೈಗುಳ ಕೇಳಿಸಲಿಲ್ಲ. ಯಾರೋ ಏನೋ ಹೇಳಿದರು, ಜೋರಾಗಿ ಚಪ್ಪಾಳೆ ಬಿತ್ತು, ಹಾಡು ಮತ್ತೆ ಶುರುವಾಯಿತು. ಅವನು ಇಳಿದು ಬರಲೇ ಇಲ್ಲ. ಕಾರ್ಯಕ್ರಮ ಪೂರ್ತಿ ಮುಗಿದ ಮೇಲೆ ಬಂದ. ಹೆಗಲ ಮೇಲೆ ಯಾರದೋ ಶಾಲು ಇತ್ತು.

“ಹೇಳಿದ್ರಾ?”

“ಜಾಗ ಕೊಟ್ರು ಕಣೇ. ಮುಂದ್ಗಡೆ.”

“ಹೇಳಿದ್ರಾ ಅಂದೆ.”

“ಬಾಗಿಲು ತೆಗೆದ ತಕ್ಷಣ ಆ ಹಾಡುವವನು ಎದ್ದು ನಿಂತ. ‘ಇವರೇ, ನಮಗೆ ಕೆಳಗಿನಿಂದ ತಾಳ ಹಾಕೋರು, ದುಡಿಯೋ ಜನ ಅಂದ್ರೆ ಹೀಗಿರ್ಬೇಕು’ ಅಂದ. ಎಲ್ಲ ಎದ್ದು ಚಪ್ಪಾಳೆ ಹೊಡೆದ್ರು. ಒಬ್ಬಾಕೆ ಶಾಲು ಹೊದಿಸಿದ್ಲು. ನಾನು ಬನಿಯನ್ನಲ್ಲಿ ನಿಂತಿದ್ದೆ. ಹೇಗೆ ಹೇಳ್ಲಿ ಹೇಳು?”

“ಬಾಯಲ್ಲಿ ಹೇಳ್ಬೇಕಿತ್ತು! ತಾಳವಂತೆ ತಾಳ!”

ಅವನು ಶಾಲನ್ನು ಮಡಿಸಿದ. “ಹಾಡು ಚೆನ್ನಾಗೇ ಇದೆ ಕಣೇ,” ಎಂದ. “ಅದೇ ಕಷ್ಟ.”

ಮುಂದಿನ ಭಾನುವಾರ ಹೊಸ ಹಾಡು ಬಂತು, ‘ಕೆಳಮನೆಯ ತಾಳ’. *ಊರು ಮಲಗಲಿ ಎಂದು ಉರಿಯ ಮುಂದೆ ನಿಂತವನ ತಾಳಕ್ಕೆ ಏಳು, ಲೋಕವೇ, ಏಳು.* ಅದನ್ನು ಜನ ಎಲ್ಲೆಲ್ಲೋ ಹಾಡತೊಡಗಿದರು. ಮೆರವಣಿಗೆಗಳಲ್ಲಿ ಕೋಲು ಕುಟ್ಟಿಕೊಂಡು ಹಾಡಿದರು. ಅವನು ಸೂರಿಗೆ ಬಡಿಯುವುದನ್ನು ಬಿಟ್ಟುಬಿಟ್ಟ. ಆಗ ಮೇಲಿನವರು ತಾವೇ ಮೂರು ಸಲ ನೆಲ ಕುಟ್ಟಿ, ಇವನ ಉತ್ತರಕ್ಕಾಗಿ ಕಾಯತೊಡಗಿದರು.

ಕೊನೆಯ ಭಾನುವಾರವೂ ಕುಟ್ಟಿದ್ದರು. ಅವನು ಹಾಸಿಗೆಯಿಂದೆದ್ದು ಮುಖ ತೊಳೆದುಕೊಂಡು, “ಫ್ಯಾಕ್ಟರಿಗೇ ಹೋಗ್ತೀನಿ. ಹಿಟ್ಟಿನ ಮೂಟೆ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚೋಕೆ ಬಿಡ್ತಾರೇನೋ,” ಎಂದು ಹೊರಟಿದ್ದ.

ಬಿಟ್ಟಿರಲಿಲ್ಲ.

*

ಹಾಡುಗಾರ ಯಾರನ್ನೂ ಕೇಳದೆ ಒಳಗೆ ಬಂದ. ಕೆದರಿದ ನರೆಗೂದಲು, ಸವೆದ ಅಂಗಿ. ಅತ್ತು ಕಣ್ಣು ಊದಿತ್ತು. ಹೆಣದ ಕಾಲ ಬಳಿ ನೆಲದ ಮೇಲೆ ಕುಳಿತು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡ. ಅವನ ಹಿಂದೆ ಮೇಲಿನ ಮನೆಯ ಜನ ಬಾಗಿಲಲ್ಲಿ, ಮೆಟ್ಟಿಲಲ್ಲಿ ತುಂಬಿಕೊಂಡರು.

“ಅಕ್ಕಾ...” ಎಂದ.

“ಅಕ್ಕ ಅನ್ಬೇಡಿ. ನನಗೆ ತಮ್ಮಂದಿರಿಲ್ಲ.”

“ಈ ಮನುಷ್ಯ ನನಗೆ ಏನು ಕೊಟ್ರು ಅಂತ ನಿಮಗೆ ಗೊತ್ತಿಲ್ಲ. ಎಷ್ಟೋ ಕಡೆ ಹಾಡಿದೀನಿ, ಜನ ಕೇಳ್ತಾರೆ, ಎದ್ದು ಹೋಗ್ತಾರೆ. ನೆಲದ ಕೆಳಗಿನಿಂದ ಉತ್ತರ ಕೊಟ್ಟ ಕೆಲಸಗಾರ ಇವರೊಬ್ರೇ.”

ಹೆಂಡತಿ ಅವನ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

“ಅವರು ತಾಳ ಹಾಕ್ತಿರ್ಲಿಲ್ಲ. ನಿಲ್ಸಿ ಅಂತಿದ್ರು.”

ಬಾಗಿಲಲ್ಲಿ ಯಾರೋ ಕೆಮ್ಮಿದರು.

“ರಾತ್ರಿಯೆಲ್ಲ ಓವನ್ ಮುಂದೆ ನಿಂತು ಬಂದೋರಿಗೆ ನಿದ್ದೆ ಬೇಕಾಗಿತ್ತು. ಕೋಲಲ್ಲಿ ಬಡಿದು ನಿಲ್ಸಿ ಅಂದ್ರು, ನೀವು ಚಪ್ಪಾಳೆ ಹೊಡೆದ್ರಿ. ಮೇಲೆ ಬಂದು ಹೇಳೋಕೆ ನಿಂತ್ರು, ಶಾಲು ಹೊದಿಸಿದ್ರಿ. ನಿದ್ದೆಗಣ್ಣಲ್ಲಿ ಹೋಗಿ ಲಾರಿಗೆ ಗುದ್ದಿದ್ರು. ಈಗ ಅದನ್ನೇ ಹಾಡಿ ಕಳಿಸ್ತೀನಿ ಅಂತೀರ. ಯಾವ ಬಾಯಲ್ಲಿ ಹಾಡ್ತೀರಿ?”

“ಅಯ್ಯೋ, ಒಂದು ಮಾತು ಬಿಡಿಸಿ ಹೇಳಿದ್ರೆ ಆಗ್ತಿತ್ತಲ್ಲಮ್ಮ,” ಎಂದರು ಮೇಷ್ಟ್ರು.

“ಸುಮ್ನಿರಿ ಸಾರ್,” ಎಂದ ಜೊತೆಗಾರ. “ಇನ್ನೊಂದು ಮಾತಾಡಿದ್ರೆ ನಿಮ್ಮನ್ನೂ ಹೊತ್ತು ಕೆಳಗಿಳಿಸ್ಬೇಕಾಗುತ್ತೆ.”

ಹಾಡುಗಾರ ಬೆಪ್ಪಾಗಿ ಅವಳನ್ನೇ ನೋಡಿದ. ಆಮೇಲೆ ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನನ್ನು ತಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅಷ್ಟು ಸಾಕಿತ್ತು. ಅವನು ಅಲ್ಲಿಗೇ ಎದ್ದು ಹೋಗಿದ್ದರೆ ಅವಳು ಕ್ಷಮಿಸಿಯೂ ಬಿಡುತ್ತಿದ್ದಳೇನೋ.

“ತಪ್ಪಾಯ್ತು,” ಎಂದ ಅವನು. “ಎಂಥಾ ತಪ್ಪಾಯ್ತು! ಇದನ್ನ ಜನಕ್ಕೆ ಹೇಳ್ಬೇಕು. ನಮ್ಮಂಥೋರ ಕಿವಿಯ ಬಗ್ಗೆ ಹೇಳ್ಬೇಕು. ನಿಲ್ಸಿ ಅಂದ್ರು, ನಾವು ಕುಣಿದ್ವಿ...”

ನಿಲ್ಸಿ ಅಂದ್ರು, ನಾವು ಕುಣಿದ್ವಿ. ಎರಡನೇ ಸಲ ಹೇಳುವಾಗ ಆ ಮಾತಿಗೆ ಏರಿಳಿತ ಬಂದಿತ್ತು. ಅವನ ಕಣ್ಣಲ್ಲಿ ನೀರು ಹರಿಯುತ್ತಲೇ ಇತ್ತು. ಎಡಗೈ ಬೆರಳುಗಳು ಮಾತ್ರ ತಂತಿಗಳ ಮೇಲೆ ಮೆಲ್ಲಗೆ ಸರಿದು ಜಾಗ ಹುಡುಕುತ್ತಿದ್ದವು.

ಕೆಳಗಿನಿಂದ ವ್ಯಾನಿನ ಹಾರ್ನ್ ಕೇಳಿಸಿತು. “ಎತ್ರಪ್ಪಾ,” ಎಂದ ಜೊತೆಗಾರ. ನಾಲ್ವರು ಬಗ್ಗಿದರು. ಹೆಣ ಮೇಲೆದ್ದಿತು. ಹಾಡುಗಾರನ ಬಲಗೈ ಹೆಬ್ಬೆರಳು ತಂತಿಯ ಕಡೆಗೆ ಇಳಿಯಿತು.

ಹೆಂಡತಿ ಅಂಗೈಯನ್ನು ಅಗಲಿಸಿ ತಂತಿಗಳ ಮೇಲೆ ಒತ್ತಿದಳು.

“ಅಮ್ಮಾ, ಬಾ,” ಎಂದಳು ಮಗಳು ಬಾಗಿಲಿನಿಂದ.

“ನೀನು ಹೋಗು.”

“ಅಮ್ಮಾ! ಅಪ್ಪನ್ನ ಕರ್ಕೊಂಡು ಹೋಗ್ತಿದಾರೆ!”

“ಗೊತ್ತು. ಹೋಗು ನೀನು. ತಿರುವಿನಲ್ಲಿ ಹುಷಾರು ಅನ್ನು ಅವರಿಗೆ.”

“ಬಿಡಿ,” ಎಂದ ಹಾಡುಗಾರ ಪಿಸುಮಾತಿನಲ್ಲಿ. “ನಾನು ಹಾಡಲ್ಲ. ಆಣೆ ಮಾಡ್ತೀನಿ. ನೀವು ಹೋಗಿ.”

ಅವಳು ಅವನ ಮುಖ ನೋಡಿದಳು. ಆಮೇಲೆ ಅವನ ಬೆರಳುಗಳನ್ನು ನೋಡಿದಳು. ಇನ್ನೊಂದು ಕೈಯನ್ನೂ ತಂದು ಮೊದಲನೆಯದರ ಮೇಲಿಟ್ಟು ಇನ್ನಷ್ಟು ಒತ್ತಿದಳು. ಬಾಗಿಲಲ್ಲಿದ್ದವರೂ ಹೆಣದ ಹಿಂದೆ ಇಳಿದು, ಕೋಣೆಯಲ್ಲಿ ಅವರಿಬ್ಬರೇ ಉಳಿದಿದ್ದರು. ಮೆಟ್ಟಿಲ ಮೇಲೆ ಹೆಜ್ಜೆಗಳು ಇಳಿಯುತ್ತಾ ಹೋದವು. ತಿರುವಿನಲ್ಲಿ ಒಮ್ಮೆ ತಡೆದು ನಿಂತವು. ಮತ್ತೆ ಇಳಿದವು. ಬೀದಿಯಲ್ಲಿ ಮಗಳು ಅಮ್ಮಾ ಎಂದು ಒಮ್ಮೆ ಕೂಗಿದಳು. ವ್ಯಾನಿನ ಬಾಗಿಲು ಮುಚ್ಚಿಕೊಂಡಿತು, ಗಾಡಿ ಹೊರಟಿತು. ತಂತಿಗಳು ಅಂಗೈಯ ಚರ್ಮವನ್ನು ಕೊರೆಯುತ್ತಿದ್ದವು. ಅವಳು ಒತ್ತಿಕೊಂಡೇ ಕುಳಿತಿದ್ದಳು.