ಮೂರನೆಯ ಪತ್ರ

ಊರವರು ಅವನನ್ನು ಹೊಂಚಪ್ಪ ಅಂತಲೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಬೇರೆಯವರ ಬೇಲಿಯ ಮರೆಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ಅಂಗಡಿ ಮುಂಗಟ್ಟಿನಲ್ಲಿ ಕೂತು ಕಾದವನಿಗೆ ಆ ಹೆಸರು ತಕ್ಕುದಾಗಿಯೇ ಇತ್ತು. ಗಡಿಕಲ್ಲು ಯಾರು ಸರಿಸಿದರು, ಹಾಲಿಗೆ ಯಾರು ನೀರು ಬೆರೆಸುತ್ತಾರೆ, ಮನೆ ಬಿಟ್ಟು ಹೋದ ಗಂಡ ಯಾವ ಊರಲ್ಲಿ ಯಾರ ಜೊತೆಗಿದ್ದಾನೆ, ಇಂಥವೇ ಅವನ ಕೆಲಸ. ತಿಳಿದದ್ದನ್ನು ಕೆಲಸ ಕೊಟ್ಟವರ ಕಿವಿಗೆ ಹೇಳಿ ಎದ್ದು ಬರುತ್ತಿದ್ದ. ಕಾಗದದ ಮೇಲೆ ಒಂದಕ್ಷರ ಇಡುತ್ತಿರಲಿಲ್ಲ. ಅದೇ ಅವನ ಹೆಮ್ಮೆ.

ಆ ಹೆಮ್ಮೆಯೇ ಈಗ ಕುತ್ತಿಗೆಗೆ ಬಂದಿತ್ತು. ಖಾಸಗಿ ಪತ್ತೆದಾರರೆಲ್ಲ ವರ್ಷದ ಕೊನೆಯೊಳಗೆ ಪ್ರಮಾಣಪತ್ರ ಪಡೆಯಬೇಕು, ಇಲ್ಲವಾದರೆ ಬಾಗಿಲು ಹಾಕಬೇಕು ಅಂತ ಹೊಸ ಕಾಯಿದೆ. ಮಕ್ಕಳ ವಯಸ್ಸಿನವರ ನಡುವೆ ಕೂತು ಪರೀಕ್ಷೆ ಬರೆದು ಪಾಸಾಗಿದ್ದ. ಉಳಿದದ್ದು ಅನುಭವಕ್ಕೆ ಸಾಕ್ಷಿ. ಹಿಂದೆ ಕೆಲಸ ಕೊಟ್ಟ ಮೂವರು, ಇಂಥ ಕೆಲಸ ಕೊಟ್ಟಿದ್ದೆವು, ಇಂಥದ್ದನ್ನು ಕಂಡುಹಿಡಿದರು ಅಂತ ಬರೆದು ಸಹಿ ಹಾಕಬೇಕು.

ಹಾಲಿನ ಡೇರಿಯವರು ಒಂದು ಪತ್ರ ಕೊಟ್ಟರು. ಗಡಿಕಲ್ಲಿನ ಮುದುಕ ಇನ್ನೊಂದು ಕೊಟ್ಟ. ಎದುರಾಳಿ ಸತ್ತುಹೋಗಿದ್ದರಿಂದ ಅವನಿಗೆ ಯಾರ ಹೆದರಿಕೆಯೂ ಇರಲಿಲ್ಲ. ಮೂರನೆಯದಕ್ಕೆ, ಓಡಿಹೋದ ಗಂಡನನ್ನು ಹುಡುಕಿಕೊಟ್ಟಿದ್ದ ಮನೆಗೆ ಹೋದ. ಆ ಹೆಂಗಸು ಬೀದಿಗೆಲ್ಲ ಕೇಳಿಸುವ ಹಾಗೆ, “ನಮಗೆ ಪಾತ್ರೆ ಬೇಡಪ್ಪ, ಮುಂದಿನ ಮನೆ ನೋಡು” ಅಂದು ಬಾಗಿಲು ಹಾಕಿಕೊಂಡಳು. ಒಳಗೆ ಅದೇ ಗಂಡ ಕಾಲು ಚಾಚಿ ಟೀವಿ ನೋಡುತ್ತಿದ್ದ.

“ಬಾಯಿ ಬಿಗಿ ಹಿಡಿದಿದ್ದಕ್ಕೆ ಬಹುಮಾನ ನೋಡಿ” ಅಂದಳು ಹೆಂಡತಿ, ಬಟ್ಟೆ ಹಿಂಡುತ್ತ. “ಗಿರಣಿಯ ಉಗ್ರಾಣ ಸುಟ್ಟಾಗ ಆ ಯಜಮಾನರ ಮನೆಗೆ ಹೋಗಿ ಬರ್ತಿದ್ರಲ್ಲ, ಅವರನ್ನೇ ಕೇಳಿ.”

“ಅಲ್ಲಿ ಬೇಡ.”

“ಯಾಕೆ ಬೇಡ?”

ಅವನು ಹಿಂಡಿದ ಬಟ್ಟೆಯನ್ನು ತೆಗೆದುಕೊಂಡು ಹಗ್ಗಕ್ಕೆ ಹಾಕಿದ.

“ಸರಿ. ಹೊಸ ವರ್ಷದಿಂದ ಇಬ್ಬರೂ ಕೂತು ಹೊಂಚು ಹಾಕೋಣ ಬಿಡಿ, ಊಟ ಯಾವ ದಾರೀಲಿ ಬರುತ್ತೆ ಅಂತ.”

ಗಿರಣಿಯ ಹಿಂದಿನ ಕಾಳಿನ ಉಗ್ರಾಣಕ್ಕೆ ಬೆಂಕಿ ಬಿದ್ದು ಹನ್ನೊಂದು ವರ್ಷವಾಗಿತ್ತು. ಅದರ ಹಿಂದಿನ ವಾರವೇ ಯಜಮಾನನಿಗೂ ಅವನ ತಮ್ಮನಿಗೂ ಪಾಲಿನ ಮಾತಿಗೆ ಜಗಳವಾಗಿತ್ತು. ತಮ್ಮನೇ ಹಚ್ಚಿದ್ದು ಅಂತ ಊರೆಲ್ಲ ಅಂದಿತು. ಅದನ್ನು ಖಾತ್ರಿ ಮಾಡಿಕೊಡು ಅಂತ ಯಜಮಾನ ಗುಟ್ಟಾಗಿ ಹೊಂಚಪ್ಪನನ್ನು ಕರೆಸಿದ್ದ. ಹೊಂಚಪ್ಪ ಮೂರು ದಿನ ಬೂದಿ ಕೆದಕಿದ. ಸುಟ್ಟ ಬಾಗಿಲಿನ ಚಿಲಕ ಸಿಕ್ಕಿತು, ಒಳಗಿನಿಂದ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಇದ್ದವನೇ ಬೆಂಕಿಗೆ ಕಾರಣ. ಹಿಂದಿನ ಕಿಟಕಿಯಿಂದ ಹಾರಿ ಓಡಿದ್ದ. ಕಿಟಕಿಯ ಕೆಳಗಿನ ಕೆಸರಿನಲ್ಲಿ ಒಂದು ಚಪ್ಪಲಿ ಹೂತುಹೋಗಿತ್ತು. ಅದು ಯಜಮಾನನ ಹದಿನೇಳರ ಮಗನದು. ಚೀಲಗಳ ಮೇಲೆ ಮಲಗಿ ಸಿಗರೇಟು ಸೇದುತ್ತಿದ್ದನಂತೆ.

ಹೊಂಚಪ್ಪ ಚಪ್ಪಲಿಯನ್ನು ತಂದೆಯ ಕೈಗೆ ಕೊಟ್ಟ. ಯಜಮಾನ ಅದನ್ನು ಒಲೆಗೆ ಹಾಕಿ, “ನಾನು ಸರಿಮಾಡ್ತೀನಿ” ಅಂದ. ಮಾಡಲಿಲ್ಲ. ತಮ್ಮ ಊರು ಬಿಟ್ಟ. ಅವನ ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋದವಳು ತಿರುಗಿ ಬರಲಿಲ್ಲ.

ಕೊನೆಗೆ ಹೊಂಚಪ್ಪ ಗಿರಣಿಗೆ ಹೋದ. ಮುಂದಿನ ತಕ್ಕಡಿಯ ಹತ್ತಿರ ಆ ಮಗನೇ ನಿಂತು ಹಿಟ್ಟು ತೂಗುತ್ತಿದ್ದ. ಯಜಮಾನ ಇವನನ್ನು ಕಂಡವನೇ ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದ.

“ಇಷ್ಟು ವರ್ಷದ ಮೇಲೆ ಬಂದಿದ್ದೀಯ. ಏನು ಬೇಕು, ಹೇಳಿಬಿಡು.”

“ಒಂದು ಪತ್ರ.” ನಮೂನೆಯ ಹಾಳೆಯನ್ನು ಮೇಜಿನ ಮೇಲಿಟ್ಟ. “ನಾನು ನಿಮ್ಮ ಕೆಲಸ ಮಾಡಿದ್ದು ನಿಜ ಅಂತ.”

ಯಜಮಾನ ಹಾಳೆಯನ್ನು ಎರಡು ಸಲ ಓದಿದ. ಹೆದರಿಕೆ ಇಳಿದು ಮುಖದಲ್ಲಿ ಸ್ವಲ್ಪ ಬಣ್ಣ ಬಂತು. “ಕಂಡುಹಿಡಿದದ್ದೇನು ಅಂತಾನೂ ಬರೀಬೇಕು ಇಲ್ಲಿ.”

“ಹೂಂ.”

“ಬರೀತೀನಿ. ಆದ್ರೆ ಊರು ಏನು ಹೇಳುತ್ತೋ ಅದನ್ನೇ ಬರೀತೀನಿ. ಬೇಕಿದ್ರೆ ತಗೋ.”

ಹೊಂಚಪ್ಪ ಕೂತೇ ಇದ್ದ. ಎದ್ದು ಬರುವುದಕ್ಕೆ ಹೊತ್ತು ಬೇಕಾದಷ್ಟಿತ್ತು. ಯಜಮಾನ ನಿಧಾನವಾಗಿ ಬರೆಯುವವನು, ಅಕ್ಷರ ಅಕ್ಷರಕ್ಕೂ ಪೆನ್ನು ಎತ್ತುತ್ತಿದ್ದ. “ಬೆಂಕಿ ಹಚ್ಚಿದವನು ನನ್ನ ಸ್ವಂತ ತಮ್ಮನೇ ಎಂದು ಇವರು ಸಾಕ್ಷಿಸಮೇತ ತೋರಿಸಿಕೊಟ್ಟರು.” ಸಹಿ ಹಾಕಿ, ಹಿಟ್ಟಿನ ಕೈಯಿಂದ ಹಾಳೆಯನ್ನು ಒರೆಸಿ ಕೊಟ್ಟ.

ಕಚೇರಿಯ ಗುಮಾಸ್ತೆ ಮೂರೂ ಪತ್ರ ಓದಿದಳು. “ಈ ಗಿರಣಿಯವರದು ಚೆನ್ನಾಗಿದೆ ನೋಡಿ. ಏನು ಕೇಳಿದ್ದೀವೋ ಅದಷ್ಟೇ ಇದೆ. ಆ ಮುದುಕರದು ಬರೀ ಪುರಾಣ.” ಅವನಿಂದ ಒಂದು ಸಹಿ ತೆಗೆದುಕೊಂಡಳು, ಮೇಲಿನದೆಲ್ಲ ನಿಜ ಅಂತ.

ಪ್ರಮಾಣಪತ್ರ ಬಂತು. ಹೆಂಡತಿ ಗಾಜು ಹಾಕಿಸಿದಳು. ಮಾನ್ಯತೆ ಪಡೆದ ಪತ್ತೆದಾರರು ಅಂತ ಬಾಗಿಲಿಗೆ ಹಲಗೆಯೂ ಬಿತ್ತು.

ಮೂರನೆಯ ವಾರ ಒಬ್ಬ ಬಂದು ಹೊಸಿಲ ಹೊರಗೆ ನಿಂತ. ಬಸ್ಸು ತೊಳೆಯುವವರ ರಬ್ಬರ್ ಬೂಟು, ನೀರಿನಲ್ಲಿ ನೆನೆದು ಬಿಳಿಚಿದ ಬೆರಳು. ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಯಜಮಾನನ ತಮ್ಮ.

“ಹಲಗೆ ನೋಡಿದೆ ಅಣ್ಣಾ. ಈಗ ನಿಮ್ಮ ಮಾತು ಕೋರ್ಟಿನಲ್ಲೂ ನಡೆಯುತ್ತಂತೆ.” ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. “ಮಗಳಿಗೆ ಹದಿನೈದು ಈಗ. ನಾನು ಕಾಗದ ಬರೆದ್ರೆ ಉತ್ತರ ಇಲ್ಲ. ಉಗ್ರಾಣಕ್ಕೆ ಬೆಂಕಿ ಹಚ್ಚಿದ್ದು ನಾನಲ್ಲ ಅಂತ ಯಾರಾದ್ರೂ ಬರೆದುಕೊಟ್ರೆ ಅವಳಿಗೆ ಕಳಿಸ್ತೀನಿ. ಅಷ್ಟೇ. ನೀವು ಹುಡುಕಿಕೊಡಬೇಕು.”

ಹೊಂಚಪ್ಪನಿಗೆ ಪರೀಕ್ಷೆಗೆ ಓದಿದ್ದು ನೆನಪಿಗೆ ಬಂತು. “ಆಗಲ್ಲಪ್ಪ. ನಿಯಮ ಇದೆ. ಒಂದು ವಿಷಯಕ್ಕೆ ಒಬ್ಬರ ಕೆಲಸ ಮಾಡಿದ ಮೇಲೆ ಅದೇ ವಿಷಯಕ್ಕೆ ಇನ್ನೊಬ್ಬರ ಕೆಲಸ ಹಿಡಿಯೋ ಹಾಗಿಲ್ಲ.”

ಅಂದ ಮೇಲೆ, ಅನ್ನಬಾರದಿತ್ತು ಅಂತ ಗೊತ್ತಾಯಿತು.

ತಮ್ಮ ತನ್ನ ಬೆರಳುಗಳನ್ನೇ ನೋಡುತ್ತ ಕೂತ. “ಅಂದ್ರೆ ಆಗಲೇ ನಮ್ಮಣ್ಣ ನಿಮ್ಮನ್ನ ಕೆಲಸಕ್ಕೆ ಇಟ್ಟಿದ್ದ.”

ಹೊಂಚಪ್ಪನ ಕಣ್ಣು ಗಾಜು ಹಾಕಿಸಿದ ಪ್ರಮಾಣಪತ್ರದ ಕಡೆ ಹೋಯಿತು.

“ಹಚ್ಚಿದ್ದು ನಾನು ಅಂತ ನಿಮಗೆ ಗೊತ್ತಾಗಿದ್ರೆ ಅವನು ನನ್ನನ್ನ ಪೊಲೀಸಿಗೆ ಕೊಡದೆ ಬಿಡ್ತಿದ್ನಾ? ಕೊಡಲಿಲ್ಲ. ಅಂದ್ರೆ ನಿಮಗೆ ನಿಜ ಸಿಕ್ಕಿತ್ತು.” ಹನ್ನೊಂದು ವರ್ಷದಲ್ಲಿ ಮೊದಲ ಸಲವೇನೋ ಎಂಬಂತೆ ಅವನ ಮುಖ ಸಡಿಲವಾಯಿತು. “ನಿಮ್ಮ ಬಾಯಿಂದ ಹೇಳಬೇಡಿ ಬಿಡಿ, ನಿಮಗೆ ತೊಂದರೆ. ಈ ಸರ್ಟಿಫಿಕೇಟಿಗೆ ಹಳೇ ಕೆಲಸದ ವಿವರ ಎಲ್ಲ ಕೊಡಬೇಕಂತಲ್ಲ. ನಮ್ಮಣ್ಣನ ಕೆಲಸದ್ದೂ ಕೊಟ್ಟಿದ್ದೀರಾ?”

“ಕೊಟ್ಟಿದ್ದೀನಿ.”

“ಅದರಲ್ಲಿ ಹೆಸರಿದ್ದವರು ಕೇಳಿದ್ರೆ ಕಚೇರೀಲಿ ನಕಲು ಕೊಡ್ತಾರಂತೆ. ನಮ್ಮ ಡಿಪೋದಲ್ಲಿ ಒಬ್ಬ ಹೇಳ್ದ.” ಎದ್ದು ನಿಂತ.

ಹೊಂಚಪ್ಪನೂ ಎದ್ದ. ಹೋಗಬೇಡ ಅನ್ನಬೇಕಿತ್ತು. ಹೋಗಬೇಡ ಅಂದರೆ ಯಾಕೆ ಅಂತ ಹೇಳಬೇಕಿತ್ತು. ಹೇಳಿದರೆ ಗಾಜಿನೊಳಗಿನದನ್ನು ಕಚೇರಿಯವರೇ ಬಂದು ಕಿತ್ತುಕೊಂಡು ಹೋಗುತ್ತಿದ್ದರು.

“ಐದಕ್ಕೆ ಮುಚ್ತಾರೆ” ಅಂದ.

“ಒಳ್ಳೇದಾಯ್ತು ಹೇಳಿದ್ದು, ಅಣ್ಣಾ” ಅಂದು ತಮ್ಮ, ಬೂಟು ಸದ್ದು ಮಾಡುತ್ತ, ಬಸ್ ನಿಲ್ದಾಣದ ಕಡೆ ಬೇಗಬೇಗ ನಡೆದ.